ಬೆಂಗಳೂರಿನಲ್ಲಿ ನಿಮ್ಮ ಜಾಗದ ಭೂಉಪಯೋಗ ತಿಳಿಯುವ ಬಗೆ

ಖಾತೆ ಇದೆ, ಕಂದಾಯ ಕಟ್ಟಿದ ರಸೀದಿ ಇದೆ, ಡಿಸಿ ಕನ್ವರ್ಷನ್ ಆದೇಶವೂ ಇದೆ, ಇನ್ನೇನು ಬೇಕು ಎಂದು ಕೇಳುವವರು ಬೆಂಗಳೂರಿನಲ್ಲಿ ಬಹಳ ಮಂದಿ. ಬೇಕಾದ್ದು ಇನ್ನೂ ಇದೆ. ಖಾತೆ ಹೇಳುವುದು ಆಸ್ತಿ ತೆರಿಗೆ ಯಾರ ಹೆಸರಿನಲ್ಲಿ ಎಂಬುದನ್ನು ಮಾತ್ರ. ಕನ್ವರ್ಷನ್ ಹೇಳುವುದು ಆ ಜಮೀನನ್ನು ಕೃಷಿಯೇತರ ಕೆಲಸಕ್ಕೆ ಬಳಸಬಹುದು ಎಂಬುದನ್ನು. ಅಲ್ಲಿ ಮನೆ ಕಟ್ಟಬಹುದೇ, ಅಂಗಡಿ ಇಡಬಹುದೇ, ಎಷ್ಟು ಏರಿಸಬಹುದು, ಎಲ್ಲಿ ಎಷ್ಟು ಜಾಗ ಬಿಡಬೇಕು ಎಂಬುದನ್ನು ಹೇಳುವುದು ನಗರದ ಮಾಸ್ಟರ್ ಪ್ಲಾನ್ ಮತ್ತು ಅದರ ಜೊತೆಗಿರುವ ವಲಯ ನಿಯಮಾವಳಿ. ಒಂದೊಂದು ಕಾಗದವೂ ಒಂದೊಂದು ಪ್ರಶ್ನೆಗೆ ಉತ್ತರ. ಒಂದು ಇದ್ದರೆ ಇನ್ನೊಂದು ಇದ್ದಂತಲ್ಲ. ಸಾಲ ಮಾಡಿ ಸೈಟು ಕೊಂಡ ಮೇಲೆ ಈ ವ್ಯತ್ಯಾಸ ಗೊತ್ತಾಗುವ ಕುಟುಂಬಗಳು ಪಡುವ ಪಾಡು ಸಣ್ಣದಲ್ಲ. ಹಾಗಾಗಿ ಮಾರುವವರು ಕೊಟ್ಟ ಫೈಲಿನಿಂದ ಶುರು ಮಾಡಬೇಡಿ. ಜಮೀನಿನ ಸರ್ವೆ ನಂಬರಿನಿಂದ ಶುರು ಮಾಡಿ.

ಯಾವ ಪ್ಲಾನು, ಯಾವ ಕಚೇರಿ

ಬೆಂಗಳೂರಿಗೆ ಅನ್ವಯವಾಗುವುದು ಪರಿಷ್ಕೃತ ಮಾಸ್ಟರ್ ಪ್ಲಾನ್ 2015. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಅಡಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಸಿದ್ಧಪಡಿಸಿದ ಈ ಯೋಜನೆಗೆ ಸರ್ಕಾರ 2007ರಲ್ಲಿ ಒಪ್ಪಿಗೆ ಕೊಟ್ಟಿತು. 2031ರ ಕರಡು ಯೋಜನೆ 2017ರಲ್ಲಿ ಹೊರಬಂದರೂ ಅಂತಿಮವಾಗಲಿಲ್ಲ, ಸರ್ಕಾರ ಅದನ್ನು ಹಿಂಪಡೆಯಿತು. 'ಮುಂದಿನ ಪ್ಲಾನಿನಲ್ಲಿ ಇದು ಹಳದಿಗೆ ಬರುತ್ತೆ ಸಾರ್' (ಹಳದಿ ಎಂದರೆ ವಸತಿ) ಎಂದು ಯಾರಾದರೂ 2031ರ ನಕ್ಷೆ ತೋರಿಸಿದರೆ, ಅದಕ್ಕೆ ಕಾನೂನಿನ ಬಲವಿಲ್ಲ ಎಂಬುದು ನೆನಪಿರಲಿ.

ಕಚೇರಿಯ ವಿಷಯ ಈಗ ಸ್ವಲ್ಪ ಗೋಜಲು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2024 ಜಾರಿಯಾದ ಮೇಲೆ, 2025ರ ಸೆಪ್ಟೆಂಬರಿನಲ್ಲಿ ಹಿಂದಿನ ಮಹಾನಗರ ಪಾಲಿಕೆ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ. ಯೋಜನೆಯ ಹೊಣೆಯನ್ನು ಈ ಕಾಯ್ದೆ ಜಿಬಿಎ ಹೆಗಲಿಗೆ ಹಾಕುತ್ತದೆ. ಹಳೆಯ ಅರ್ಜಿ ನಮೂನೆ ಹಿಡಿದು ಹೋಗುವ ಮುನ್ನ, ನಿಮ್ಮ ವಾರ್ಡು ಯಾವ ಪಾಲಿಕೆಗೆ ಸೇರಿದೆ, ಭೂಉಪಯೋಗದ ಅರ್ಜಿಯನ್ನು ಈಗ ಎಲ್ಲಿ ಸ್ವೀಕರಿಸುತ್ತಾರೆ ಎಂದು ವಿಚಾರಿಸಿಕೊಳ್ಳಿ.

ನಗರದಂಚಿನ ಜಾಗವಾದರೆ ಇನ್ನೂ ಎಚ್ಚರ ಬೇಕು. ದೇವನಹಳ್ಳಿ ಕಡೆ ವಿಮಾನ ನಿಲ್ದಾಣ ಪ್ರದೇಶದ ಯೋಜನಾ ಪ್ರಾಧಿಕಾರ ಬಿಯಾಪಾ, ನೈಸ್ ರಸ್ತೆಯ ಆಸುಪಾಸಿನ ಹಲವು ಹಳ್ಳಿಗಳಿಗೆ ಬೆಂಗಳೂರು-ಮೈಸೂರು ಕಾರಿಡಾರಿನ ಯೋಜನಾ ಪ್ರಾಧಿಕಾರ ಬಿಎಂಐಸಿಎಪಿಎ, ಆನೇಕಲ್, ಹೊಸಕೋಟೆ, ನೆಲಮಂಗಲಗಳಿಗೆ ಅವುಗಳದೇ ಯೋಜನಾ ಪ್ರಾಧಿಕಾರಗಳು. ಪ್ರಾಧಿಕಾರ ಬೇರೆಯಾದರೆ ಮಾಸ್ಟರ್ ಪ್ಲಾನೂ ಬೇರೆ, ನಿಯಮಾವಳಿಯೂ ಬೇರೆ. ವಿಳಾಸದಲ್ಲಿ ಬೆಂಗಳೂರು ಎಂದಿದ್ದ ಮಾತ್ರಕ್ಕೆ ಬೆಂಗಳೂರಿನ ಪ್ಲಾನು ಅನ್ವಯವಾಗುವುದಿಲ್ಲ.

ಸರ್ವೆ ನಂಬರ್ ಹಿಡಿಯುವುದು

ಮಾಸ್ಟರ್ ಪ್ಲಾನಿನ ನಕ್ಷೆಯಲ್ಲಿ ನಿಮ್ಮ ಮನೆ ನಂಬರ್ ಇರುವುದಿಲ್ಲ. ಅಲ್ಲಿರುವುದು ಗ್ರಾಮದ ಹೆಸರು, ಸರ್ವೆ ನಂಬರಿನ ಗಡಿ. ಕ್ರಯಪತ್ರದ ಷೆಡ್ಯೂಲಿನಲ್ಲಿ 'ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿ ನಿರ್ಮಿಸಿದ ಬಡಾವಣೆಯ ಸೈಟ್ ನಂಬರ್ ಇಷ್ಟು' ಎಂದು ಬರೆದಿರುತ್ತದೆ. ಈಚಿನ ಪತ್ರದಲ್ಲಿ ಸಿಗದಿದ್ದರೆ ಅದರ ಹಿಂದಿನ ಕ್ರಯಪತ್ರ ತೆಗೆಸಿ ನೋಡಿ. ಋಣಭಾರ ಪತ್ರವನ್ನು ಕಾವೇರಿ ಪೋರ್ಟಲಿನಲ್ಲಿ, ಪಹಣಿ ಮತ್ತು ಮ್ಯುಟೇಶನ್ನನ್ನು ಭೂಮಿ ಪೋರ್ಟಲಿನಲ್ಲಿ ಪಡೆಯಬಹುದು.

ಜಾಗದ ಮೇಲೆ ನಿಂತು ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ನೆಲದ ಸರ್ವೆ ನಂಬರ್ ತೋರಿಸುತ್ತದೆ. ಪತ್ರದಲ್ಲಿರುವ ನಂಬರಿಗೂ ಇದಕ್ಕೂ ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿ, ಭೂಮಾಪಕರಿಂದ ಅಳತೆ ಮಾಡಿಸಿ. ಆದರೆ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ಸರ್ವೆ ನಂಬರಿನ ಗಡಿಗೆ ಅಂಟಿಕೊಂಡ ಸೈಟಿಗೆ ಆ್ಯಪು ಸುಳಿವೇ ಹೊರತು ಪುರಾವೆಯಲ್ಲ.

ಜೊತೆಗೆ ಗ್ರಾಮ ನಕ್ಷೆಯೊಂದು ಕೈಲಿರಲಿ. ಕೆರೆ, ಹಳ್ಳ, ಬಂಡಿದಾರಿ, ಗ್ರಾಮಠಾಣೆ ಎಲ್ಲವೂ ಅದರಲ್ಲಿ ಗುರುತಾಗಿರುತ್ತವೆ. ಇಂದು ಕಾಂಕ್ರೀಟು ಹಾಸಿ ಮುಚ್ಚಿಹೋದ ಕಾಲುವೆ ಕೂಡ ಅಲ್ಲಿ ಕಾಣುತ್ತದೆ, ದಾಖಲೆಯ ಮಟ್ಟಿಗೆ ಅದು ಇನ್ನೂ ಕಾಲುವೆಯೇ. ಪಹಣಿಯಲ್ಲಿ ಖರಾಬು ಎಂದಿದ್ದರೆ ಅದು ಎ-ಖರಾಬೋ ಬಿ-ಖರಾಬೋ ನೋಡಿ. ಬಿ-ಖರಾಬು ಸರ್ಕಾರಿ ನೆಲ. ಅದರ ಮೇಲೆ ಎಷ್ಟು ಸಲ ಕ್ರಯಪತ್ರವಾಗಿದ್ದರೂ ಅದು ನಿಮ್ಮದಾಗುವುದಿಲ್ಲ.

ನಕ್ಷೆ ಓದುವುದು

2015ರ ಪ್ಲಾನು ನಗರವನ್ನು 47 ಯೋಜನಾ ಜಿಲ್ಲೆಗಳಾಗಿ ಹಂಚಿದೆ, ಒಂದೊಂದಕ್ಕೂ ಪ್ರಸ್ತಾವಿತ ಭೂಉಪಯೋಗದ ನಕ್ಷೆಯಿದೆ. ನಿಮ್ಮ ಗ್ರಾಮ ಯಾವ ಜಿಲ್ಲೆಯಲ್ಲಿದೆ ಎಂದು ಹುಡುಕಿ ಆ ಹಾಳೆ ತೆಗೆಯಿರಿ. 'ಪ್ರಸ್ತಾವಿತ' ಎಂಬ ಮಾತನ್ನು ಗಮನಿಸಿ. ಈಗಿರುವ ಬಳಕೆಯ ನಕ್ಷೆಯೂ ಬೇರೆಯಾಗಿ ಸಿಗುತ್ತದೆ, ಎರಡನ್ನೂ ಅದಲುಬದಲು ಮಾಡಿಕೊಂಡವರಿದ್ದಾರೆ. ಹಳದಿ ಛಾಯೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ, ಹಸಿರು ಉದ್ಯಾನ ಮತ್ತು ಬಯಲು. ಹಸಿರಿನಲ್ಲೂ ವಸತಿಯಲ್ಲೂ ಒಂದಕ್ಕಿಂತ ಹೆಚ್ಚು ಛಾಯೆಗಳಿವೆ, ಹಾಳೆಯ ಮೂಲೆಯ ಸೂಚಿಯನ್ನು ನೋಡದೆ ಬಣ್ಣ ಹೇಳಬೇಡಿ.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಮೊದಲನೆಯದು, ಒಂದೇ ಸರ್ವೆ ನಂಬರಿನಲ್ಲಿ ಎರಡು ಬಣ್ಣ ಇರಬಹುದು. ಮುಂದಿನ ಅರ್ಧ ಎಕರೆ ವಸತಿ, ಹಿಂದಿನದು ಉದ್ಯಾನ ಎಂಬಂತೆ. 'ಸರ್ವೆ ನಂಬರ್ ವಸತಿ ವಲಯದಲ್ಲಿದೆ' ಎಂಬ ಮಾತು ನಿಜವಿದ್ದೂ ನಿಮ್ಮ ಸೈಟು ಉದ್ಯಾನದಲ್ಲಿ ಬಿದ್ದಿರಬಹುದು. ಎರಡನೆಯದು, ಪ್ರಸ್ತಾವಿತ ರಸ್ತೆಗಳು ಮತ್ತು ರಸ್ತೆ ಅಗಲೀಕರಣದ ಗೆರೆಗಳು. ಇಂದು 30 ಅಡಿ ಇರುವ ರಸ್ತೆಯನ್ನು ಪ್ಲಾನು ಅಗಲವಾಗಿ ತೋರಿಸಿದ್ದರೆ, ಹೊಸ ಕಟ್ಟಡ ಆ ಗೆರೆಯಿಂದ ಹಿಂದಕ್ಕೆ ಸರಿಯಬೇಕು. ಬಿಟ್ಟುಕೊಡುವ ಜಾಗಕ್ಕೆ ಹಣದ ಬದಲು ಟಿಡಿಆರ್, ಅಂದರೆ ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು ಕೊಡುವ ದಾರಿಯೂ ಕಾಯ್ದೆಯಲ್ಲಿದೆ. ಮೂರನೆಯದು ಸರಳ: ಆ ಪಿಡಿಎಫ್ ಹಾಳೆಗಳ ಅಳತೆಗೆ 30×40 ಸೈಟು ಒಂದು ಚುಕ್ಕೆ. ಗೆರೆಯ ದಪ್ಪವೇ ಸೈಟಿನ ಆಳದಷ್ಟಿರುತ್ತದೆ.

ಆದ್ದರಿಂದ ನಕ್ಷೆಯನ್ನು ನೀವೇ ಓದಿಕೊಂಡ ಮೇಲೂ ಯೋಜನಾ ಪ್ರಾಧಿಕಾರದಿಂದ ಭೂಉಪಯೋಗ ದೃಢೀಕರಣ ಪತ್ರ ಪಡೆಯಿರಿ. ಪಹಣಿ, ಗ್ರಾಮ ನಕ್ಷೆ, ಸರ್ವೆ ಸ್ಕೆಚ್ ಜೊತೆಗಿಟ್ಟು, ಸ್ಕೆಚ್ ಮೇಲೆ ನಿಮ್ಮ ಭಾಗವನ್ನು ಕೆಂಪು ಗೆರೆಯಲ್ಲಿ ಗುರುತಿಸಿ ಕೊಡಿ. ಗುರುತಿಸದೆ ಕೊಟ್ಟರೆ 'ಸದರಿ ಸರ್ವೆ ನಂಬರ್ ಭಾಗಶಃ ವಸತಿ, ಭಾಗಶಃ ಉದ್ಯಾನ' ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ.

ಮನೆಯಲ್ಲಿ ಅಂಗಡಿ ಇಡಬಹುದೇ

ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ವಸತಿ ಮುಖ್ಯ ವಲಯದಲ್ಲಿ ಮನೆಯೇ ಪ್ರಧಾನ, ಸಣ್ಣ ಅಂಗಡಿ, ಕ್ಲಿನಿಕ್ಕು, ವೃತ್ತಿಪರರ ಕಚೇರಿಯಂಥವು ಪೂರಕ ಬಳಕೆ. ಪೂರಕ ಬಳಕೆಗೆ ಕಟ್ಟಡದ ವಿಸ್ತೀರ್ಣದ 20% ಅಥವಾ 50 ಚದರ ಮೀಟರ್ ಎಂಬ ಮಿತಿ ಇದೆ. ವಸತಿ ಮಿಶ್ರ ವಲಯದಲ್ಲಿ ಅವಕಾಶ ಇದಕ್ಕಿಂತ ವಿಶಾಲ. ಆದರೆ ಬಣ್ಣ ಸರಿಯಿದ್ದರೆ ಸಾಲದು. ಪ್ಲಾನು ಒಳವರ್ತುಲಗಳೆಂದು ಗುರುತಿಸಿದ ನಗರದ ಒಳಭಾಗದ ವಸತಿ ಬಡಾವಣೆಗಳಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ನಿವಾಸಿಗಳು ಕೋರ್ಟು ಮೆಟ್ಟಿಲೇರಿ ತಂದುಕೊಂಡ ಬಿಗಿ ಇದು. ಜಯನಗರ, ಇಂದಿರಾನಗರ, ಕೋರಮಂಗಲದ ಅಡ್ಡರಸ್ತೆಗಳಲ್ಲಿ ಬಾಳುವವರ ನಿದ್ದೆ, ನೀರು, ಪಾರ್ಕಿಂಗು ಎಲ್ಲಕ್ಕೂ ಇದರ ಮೇಲೆ ಅವಲಂಬನೆ, ಹಾಗಾಗಿ ಈ ನಿಯಮ ಇರಲೇಬೇಕಾದದ್ದು.

'ಪಕ್ಕದವರು ಹೋಟೆಲ್ ನಡೆಸುತ್ತಿದ್ದಾರಲ್ಲ' ಎಂಬುದು ಆಧಾರವಾಗುವುದಿಲ್ಲ. ಅವರ ಉಲ್ಲಂಘನೆ ನಿಮಗೆ ಹಕ್ಕು ಕೊಡುವುದಿಲ್ಲ. ಕಟ್ಟಡವನ್ನು ಬಾಡಿಗೆಗೆ ಕೊಡುವ ಮಾಲೀಕರು ಇದನ್ನು ಮೊದಲೇ ನೋಡಿಕೊಳ್ಳಬೇಕು. ಬಾಡಿಗೆದಾರ ಟ್ರೇಡ್ ಲೈಸೆನ್ಸಿಗೆ ಹೋದಾಗ ವಲಯದ ಪ್ರಶ್ನೆ ಏಳುತ್ತದೆ, ಅಷ್ಟರಲ್ಲಿ ಆತ ಒಳಾಂಗಣಕ್ಕೆ ಲಕ್ಷಗಟ್ಟಲೆ ಸುರಿದಿರುತ್ತಾನೆ, ಜಗಳ ನಿಮ್ಮ ಬಾಗಿಲಿಗೆ ಬರುತ್ತದೆ. ಬಿಡಿಎ ಹಂಚಿದ ಸೈಟಾದರೆ ಹಂಚಿಕೆಯ ಷರತ್ತನ್ನೂ ಓದಿ, ವಸತಿಗೆಂದು ಕೊಟ್ಟ ಸೈಟಿಗೆ ಆ ಷರತ್ತು ಬೇರೆಯಾಗಿಯೇ ಅಂಟಿಕೊಂಡಿರುತ್ತದೆ.

ರಸ್ತೆ ಅಳೆಯಿರಿ, ಆಮೇಲೆ ಮಹಡಿ ಎಣಿಸಿ

ಎಷ್ಟು ಕಟ್ಟಬಹುದು ಎಂಬುದು ಸೈಟಿನ ಅಳತೆಯ ಮೇಲೆ ಎಷ್ಟು ನಿಂತಿದೆಯೋ ರಸ್ತೆಯ ಅಗಲದ ಮೇಲೂ ಅಷ್ಟೇ ನಿಂತಿದೆ. ದೊಡ್ಡ ಸೈಟಿದ್ದೂ ರಸ್ತೆ ಕಿರಿದಾದರೆ ಕಿರಿದಾದ ರಸ್ತೆಗೆ ಹೇಳಿದ ಮಿತಿಯೇ ಅನ್ವಯ. ರಸ್ತೆಯ ಅಗಲ ಎಂದರೆ ಟಾರು ಹಾಕಿದ ಭಾಗ ಮಾತ್ರವಲ್ಲ. ಚರಂಡಿ, ಫುಟ್‌ಪಾತ್ ಸೇರಿ ಈ ಬದಿಯ ಗಡಿಯಿಂದ ಆ ಬದಿಯ ಗಡಿಯವರೆಗೆ. ಸೈಟಿನ ಮುಂದೆ ಎರಡು ಮೂರು ಕಡೆ ಟೇಪು ಹಿಡಿದು ರಸ್ತೆಗೆ ಅಡ್ಡಲಾಗಿ ನೇರ ಅಳೆಯಿರಿ. ಬಡಾವಣೆ ನಕ್ಷೆಯಲ್ಲಿ 40 ಅಡಿ ಎಂದಿದ್ದು ಟೇಪಿನಲ್ಲಿ 36 ಬಂದರೆ ಯಾರೋ ಕಾಂಪೌಂಡು ಮುಂದಕ್ಕೆ ತಂದಿದ್ದಾರೆ. ಪರಿಶೀಲನೆಗೆ ಬರುವ ಎಂಜಿನಿಯರ್ ನೆಲದ ಅಳತೆಯನ್ನೇ ಬರೆದರೆ ನಿಮ್ಮ ಲೆಕ್ಕವೆಲ್ಲ ಬದಲಾಗುತ್ತದೆ. ಆಗ ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ ಬೇಕಾಗುತ್ತದೆ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು.

ಲೆಕ್ಕ ಹೀಗೆ. 30×40 ಸೈಟು 1200 ಚದರ ಅಡಿ, ಅಂದರೆ ಸುಮಾರು 111.5 ಚದರ ಮೀಟರ್. ಇಂಥ ವಸತಿ ಸೈಟಿಗೆ 2015ರ ನಿಯಮಾವಳಿಯಲ್ಲಿ ನೆಲವ್ಯಾಪ್ತಿ (ಸೈಟಿನಲ್ಲಿ ಕಟ್ಟಡ ಆವರಿಸಬಹುದಾದ ಪಾಲು) 75%, ಸೈಟಿನ ಅಳತೆಗೆ ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣದ ಅನುಪಾತವಾದ ಎಫ್‌ಎಆರ್ 1.75. ನೆಲವ್ಯಾಪ್ತಿ ಪ್ರಕಾರ ಒಂದು ಮಹಡಿ ಹೆಚ್ಚೆಂದರೆ 900 ಚದರ ಅಡಿ. ಎಫ್‌ಎಆರ್ ಪ್ರಕಾರ ಎಲ್ಲ ಮಹಡಿ ಸೇರಿ 2100 ಚದರ ಅಡಿ. ಎರಡು ಮಹಡಿ 900ರಂತೆ ಕಟ್ಟಿದರೆ ಮೂರನೆಯದಕ್ಕೆ ಉಳಿಯುವುದು 300, ಇಲ್ಲವೇ ಮೂರೂ ಮಹಡಿ 700ರಂತೆ ಕಟ್ಟಬಹುದು. ಇದೇ ಅಳತೆಯಲ್ಲಿ ನಾಲ್ಕು ಮಹಡಿ, ತಲಾ 1000 ಚದರ ಅಡಿ ಕಟ್ಟಿದ ಕಟ್ಟಡಗಳನ್ನು ಪ್ರತಿ ಬಡಾವಣೆಯಲ್ಲೂ ನೋಡುತ್ತೇವೆ. ಅವು ಮಿತಿಯ ಹತ್ತಿರಹತ್ತಿರ ಇಮ್ಮಡಿ.

75% ಎಂಬುದು ಮೇಲಿನ ಗಡಿ, ಖಂಡಿತ ಸಿಗುವ ಜಾಗವಲ್ಲ. ನಾಲ್ಕೂ ಬದಿಯಲ್ಲಿ ಖಾಲಿ ಬಿಡಬೇಕಾದ ಜಾಗ, ಅಂದರೆ ಸೆಟ್‌ಬ್ಯಾಕ್ ಕಳೆದ ಮೇಲೆ ಉಳಿಯುವುದು ಅದಕ್ಕಿಂತ ಕಡಿಮೆಯಾದರೆ ಕಡಿಮೆಯದೇ ಲೆಕ್ಕ. ಸೆಟ್‌ಬ್ಯಾಕನ್ನು ಪತ್ರದಲ್ಲಿರುವ ಗಡಿಯಿಂದ ಅಳೆಯಬೇಕು, ಕಾಂಪೌಂಡಿನ ಹೊರಮೈಯಿಂದಲ್ಲ. ಹೊರಗಡೆಯ ಮೆಟ್ಟಿಲು, ಶೌಚಾಲಯ, ಸಂಪಿನ ಮೇಲಿನ ಪಂಪ್ ರೂಮು ಇವನ್ನೆಲ್ಲ ಮೇಸ್ತ್ರಿಗಳು ಸೆಟ್‌ಬ್ಯಾಕಿನಲ್ಲೇ ಏರಿಸುತ್ತಾರೆ. ಪ್ಲಾನಿನಲ್ಲಿ ಇಲ್ಲದ್ದು ಹೀಗೆ ಸೇರಿಕೊಂಡೇ ಓಸಿ, ಅಂದರೆ ಸ್ವಾಧೀನಾನುಭವ ಪತ್ರ ಪಡೆಯುವ ಹೊತ್ತಿಗೆ ತಲೆನೋವಾಗುತ್ತದೆ. ಇನ್ನು ಸ್ಟಿಲ್ಟ್, ಅಂದರೆ ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ಪಾರ್ಕಿಂಗು: ವಾಹನಕ್ಕೇ ಬಿಟ್ಟರೆ ಅದು ಎಫ್‌ಎಆರ್ ಲೆಕ್ಕಕ್ಕೆ ಬರುವುದಿಲ್ಲ. ಗೋಡೆ ಎತ್ತಿ ಅಂಗಡಿಯೋ ಮನೆಯೋ ಮಾಡಿದ ಕ್ಷಣ ಎರಡು ಉಲ್ಲಂಘನೆ ಒಟ್ಟಿಗೇ ಆಗುತ್ತವೆ, ಎಫ್‌ಎಆರ್ ಮೀರಿದ್ದು ಮತ್ತು ಪಾರ್ಕಿಂಗ್ ಕೊರತೆ.

ನಿಯಮಾವಳಿಗೆ ಆಗಾಗ ತಿದ್ದುಪಡಿಗಳು ಬರುತ್ತಿರುತ್ತವೆ. ಮಂಜೂರಾತಿಗೆ ಹೋಗುವ ದಿನ ಜಾರಿಯಲ್ಲಿರುವ ಕೋಷ್ಟಕವನ್ನೇ ನಿಮ್ಮ ವಾಸ್ತುಶಿಲ್ಪಿಯಿಂದ ಕೇಳಿ ಪಡೆದು ಪ್ಲಾನಿನ ಪಕ್ಕ ಇಟ್ಟು ನೋಡಿ. 50×80 ಅಡಿವರೆಗಿನ ವಸತಿ ಸೈಟುಗಳಿಗೆ 2024ರಲ್ಲಿ ಬಂದ ನಂಬಿಕೆ ನಕ್ಷೆ ವ್ಯವಸ್ಥೆಯಲ್ಲಿ ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಸ್ವಯಂ ದೃಢೀಕರಿಸಿ ಬೇಗನೆ ತಾತ್ಕಾಲಿಕ ಮಂಜೂರಾತಿ ಪಡೆಯಬಹುದು. ಆದರೆ ದಾಖಲೆಗಳ ಪರಿಶೀಲನೆ ಆಮೇಲೆ ನಡೆಯುತ್ತದೆ. ಬೇಗ ಸಿಕ್ಕಿತೆಂದು ಮೇಲಿನ ಹೆಜ್ಜೆಗಳನ್ನು ಬಿಟ್ಟರೆ ಪಾಯ ತೋಡಿದ ಮೇಲೆ ನೋಟಿಸು ಬರುತ್ತದೆ.

ಬಣ್ಣ ಹಳದಿಯಾದರೂ ಕಟ್ಟಲಾಗದ ನೆಲ

ರಾಜಕಾಲುವೆ ಮತ್ತು ಕೆರೆಯ ಸುತ್ತ ಕಟ್ಟದೆ ಬಿಡಬೇಕಾದ ಮೀಸಲು ಪ್ರದೇಶ ಬೆಂಗಳೂರಿನಲ್ಲಿ ಹೆಚ್ಚು ಜನರನ್ನು ಮುಳುಗಿಸಿದ ವಿಷಯ, ಮಾತಿನ ಅರ್ಥದಲ್ಲೂ ಮಳೆಗಾಲದಲ್ಲೂ. 2015ರ ಪ್ಲಾನಿನ ಪ್ರಕಾರ ಕೆರೆಗೆ 30 ಮೀಟರ್, ಪ್ರಾಥಮಿಕ ರಾಜಕಾಲುವೆಗೆ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್. ಕಾಲುವೆಗೆ ಈ ಅಳತೆ ಅದರ ಮಧ್ಯರೇಖೆಯಿಂದ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಹಿಗ್ಗಿಸಿತ್ತು, ಕೆರೆಗೆ 75 ಮೀಟರ್ ಎಂದಿತ್ತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಮಾಡಿತು. ಹಳೆಯ ಪತ್ರಿಕಾ ವರದಿ ನೋಡಿ ಲೆಕ್ಕ ಹಾಕುವವರು ಇದನ್ನು ಗಮನಿಸಬೇಕು.

30×40 ಸೈಟಿನ ಆಳ 12 ಮೀಟರಿನ ಆಸುಪಾಸು. ದ್ವಿತೀಯ ಕಾಲುವೆಯ ಪಕ್ಕದ ಮೊದಲ ಸೈಟು ಪೂರ್ತಿಯಾಗಿ ಮೀಸಲಿನೊಳಗೇ ಬೀಳುತ್ತದೆ, ಅದರ ಹಿಂದಿನದೂ ಬಹುಪಾಲು ಬೀಳಬಹುದು. ಕಾಲುವೆ ಯಾವ ದರ್ಜೆಯದು, ಮಧ್ಯರೇಖೆ ಎಲ್ಲಿ ಎಂಬುದನ್ನು ಗ್ರಾಮ ನಕ್ಷೆ ಮತ್ತು ಮಾಸ್ಟರ್ ಪ್ಲಾನ್ ಎರಡರಲ್ಲೂ ನೋಡಿ, ಭೂಮಾಪಕರಿಂದ ನೆಲದ ಮೇಲೆ ಗುರುತು ಹಾಕಿಸಿ. ಈಗ ಹರಿಯುತ್ತಿರುವ ಮೋರಿಯಿಂದ ಅಳೆಯಬೇಡಿ, ಬಡಾವಣೆ ಮಾಡಿದವರು ಮೋರಿಯನ್ನು ಪಕ್ಕಕ್ಕೆ ತಿರುಗಿಸಿರುವ ಸಾಧ್ಯತೆ ಇರುತ್ತದೆ.

ಎಚ್‌ಎಎಲ್, ಜಕ್ಕೂರು, ಯಲಹಂಕ, ಕೆಂಪೇಗೌಡ ವಿಮಾನ ನಿಲ್ದಾಣಗಳ ಸುತ್ತ ಎತ್ತರದ ಮಿತಿಯಿದೆ. ವಿಮಾನ ನಿಲ್ದಾಣ ಪ್ರಾಧಿಕಾರ ಕೊಡುವ ಅನುಮತಿಯಲ್ಲಿ ಎತ್ತರವನ್ನು ಸಮುದ್ರಮಟ್ಟದಿಂದ ಹೇಳಿರುತ್ತದೆ, ನೆಲದಿಂದಲ್ಲ. ದಿಣ್ಣೆಯ ಮೇಲಿನ ಸೈಟಿಗೂ ತಗ್ಗಿನ ಸೈಟಿಗೂ ಸಿಗುವ ಮಹಡಿ ಬೇರೆಯಾಗುವುದು ಇದರಿಂದ. ಮೆಟ್ರೊ ಮಾರ್ಗ, ರೈಲು ಹಳಿ, ಹೈಟೆನ್ಷನ್ ತಂತಿಯ ಪಕ್ಕವಾದರೆ ಆಯಾ ಸಂಸ್ಥೆಯ ನಿರಾಕ್ಷೇಪಣಾ ಪತ್ರ ಬೇಕು.

ಕನ್ವರ್ಷನ್ ಆಗಿದೆ, ಆದರೆ ಬಡಾವಣೆ ಅನುಮೋದನೆ?

ಭೂಪರಿವರ್ತನೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಜಿಲ್ಲಾಧಿಕಾರಿ ಕೊಡುವ ಆದೇಶ. ಇಡೀ ಎರಡೆಕರೆ ಪರಿವರ್ತನೆಯಾಯಿತು ಎಂದುಕೊಳ್ಳಿ. ಅದನ್ನು ಸೈಟುಗಳಾಗಿ ಸೀಳಬೇಕಾದರೆ 1961ರ ಕಾಯ್ದೆಯ 17ನೇ ಕಲಮಿನಡಿ ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆಗೆ ಪ್ರತ್ಯೇಕ ಅನುಮೋದನೆ ಬೇಕು. ರಸ್ತೆ, ಉದ್ಯಾನ, ಸಾರ್ವಜನಿಕ ಸೌಕರ್ಯದ ಜಾಗಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು, ಕಾಮಗಾರಿ ಮುಗಿದಂತೆ ಹಂತಹಂತವಾಗಿ ಸೈಟು ಬಿಡುಗಡೆಯಾಗುತ್ತದೆ. ಇದನ್ನು ಹಾರಿಸಿ ಮಾರಿದವೇ ನಾವು ರೆವಿನ್ಯೂ ಸೈಟು ಎನ್ನುವವು. ಮಾರುವವರು ಕನ್ವರ್ಷನ್ ಆದೇಶವನ್ನಷ್ಟೇ ಮುಂದಿಟ್ಟರೆ, ಆದೇಶದ ಕೊನೆಯ ಪುಟದ ಷರತ್ತುಗಳನ್ನು ಓದಿ. ಪ್ರಾಧಿಕಾರದಿಂದ ನಕ್ಷೆ ಅನುಮೋದನೆ ಪಡೆಯಬೇಕೆಂದು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ಅನುಮೋದಿತ ನಕ್ಷೆ ಮತ್ತು ನಿಮ್ಮ ಸೈಟಿನ ನಂಬರ್ ಇರುವ ಬಿಡುಗಡೆ ಪತ್ರ ಎರಡನ್ನೂ ಕೇಳಿ. ಇಂಥ ಅನುಮೋದನೆಯಿಲ್ಲದ ಆಸ್ತಿಗಳ ಬಿ-ಖಾತೆಯನ್ನು ಕ್ರಮಬದ್ಧ ಆಸ್ತಿಗಳ ಎ-ಖಾತೆ ಮಾಡಿಸಿಕೊಳ್ಳಲು ಸರ್ಕಾರ 2025ರಲ್ಲಿ ಅವಕಾಶ ಕೊಟ್ಟಿತು. ಖಾತೆ ಬದಲಾಯಿತೆಂದರೆ ಕಟ್ಟಡದ ಉಲ್ಲಂಘನೆ ಮಾಫಿಯಾಯಿತು ಎಂದಲ್ಲ.

ಬಣ್ಣವನ್ನೇ ಬದಲಿಸಬೇಕಾದರೆ ಅದೇ ಕಾಯ್ದೆಯ 14-ಎ ಕಲಮು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಪೂರಕವಾಗಿರಬೇಕು, ಪ್ರಸ್ತಾವವನ್ನು ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು, ಸರ್ಕಾರದ ಒಪ್ಪಿಗೆ ಬೇಕು, ಆಮೇಲೆ ಶುಲ್ಕ. ಅರ್ಜಿ ಹಾಕಿದ್ದೇವೆ ಎಂಬುದು ಆಗಿದೆ ಎಂಬುದಲ್ಲ. ಆದೇಶ ಕೈಗೆ ಬರುವವರೆಗೆ ಹಳೆಯ ಬಣ್ಣವೇ.

ಈಗಾಗಲೇ ಕಟ್ಟಿದ ಮನೆ ಕೊಳ್ಳುವವರಿಗೆ

ಮಂಜೂರಾದ ಪ್ಲಾನು ಮತ್ತು ಓಸಿ ಎರಡನ್ನೂ ಕೇಳಿ, ಪ್ಲಾನು ಹಿಡಿದು ಮಹಡಿ ಎಣಿಸಿ, ಸೆಟ್‌ಬ್ಯಾಕ್ ಅಳೆಯಿರಿ. ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನ ನಂತರ ಓಸಿ ಇಲ್ಲದ ಹೊಸ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಸಿಗುವುದು ಕಷ್ಟವಾಯಿತು. 1200 ಚದರ ಅಡಿವರೆಗಿನ ಸೈಟಿನಲ್ಲಿ ನೆಲ ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿಯ ವಾಸದ ಮನೆಗಳಿಗೆ ಸರ್ಕಾರ 2025ರಲ್ಲಿ ಓಸಿಯಿಂದ ವಿನಾಯಿತಿ ಕೊಟ್ಟಿದೆ. ವಿನಾಯಿತಿ ಓಸಿಗೆ ಮಾತ್ರ, ಪ್ಲಾನ್ ಮಂಜೂರಾತಿಗಲ್ಲ. 'ಅಕ್ರಮ ಸಕ್ರಮದಲ್ಲಿ ಸರಿಹೋಗುತ್ತೆ' ಎಂಬ ಭರವಸೆಗೆ ಹಣ ಕೊಡಬೇಡಿ, ಉಲ್ಲಂಘನೆಗಳನ್ನು ದಂಡ ಕಟ್ಟಿಸಿ ಸಕ್ರಮಗೊಳಿಸುವ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಮುಂಗಡ ಕೊಡುವ ಮುನ್ನ ಕರಾರಿನಲ್ಲಿ ಒಂದು ಕಂಡಿಕೆ ಸೇರಿಸಿ: ಮಾರುವವರು ಭೂಉಪಯೋಗ ದೃಢೀಕರಣ, ಅನುಮೋದಿತ ಬಡಾವಣೆ ನಕ್ಷೆ, ಕಟ್ಟಡವಿದ್ದರೆ ಮಂಜೂರಾದ ಪ್ಲಾನು ಮತ್ತು ಅಗತ್ಯವಿದ್ದಲ್ಲಿ ಓಸಿ ಇವನ್ನು ಇಂಥ ದಿನಾಂಕದೊಳಗೆ ಒದಗಿಸಬೇಕು, ಭೂಉಪಯೋಗ ವಸತಿಯಲ್ಲವೆಂದೋ ಜಾಗ ಕಾಲುವೆಯ ಮೀಸಲಿನಲ್ಲಿದೆಯೆಂದೋ ಕಂಡುಬಂದರೆ ಪೂರ್ತಿ ಮುಂಗಡ ವಾಪಸು ಕೊಡಬೇಕು. ದಿನಾಂಕ ಮತ್ತು ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಈ ಕಂಡಿಕೆಗೆ ಸಹಿ ಹಾಕಲು ಹಿಂದೆಗೆಯುವವರಿಗೆ ಚೆಕ್ಕು ಬರೆಯಬೇಡಿ.